ಉರಿ ಅಂದರೆ ಎಂಥ ಉರಿ

ಚನಮಲ್ಲಪ್ಪನ ಕೊನೆಯ ದಿನ ಬಚ್ಚಲಿನಿಂದ ಶುರುವಾಯಿತು. ಅದರಲ್ಲಿ ವಿಶೇಷವೇನಿಲ್ಲ. ಅದಕ್ಕೂ ಹಿಂದಿನ ಒಂದು ವರ್ಷದ ಎಲ್ಲ ದಿನಗಳೂ ಅಲ್ಲಿಂದಲೇ ಶುರುವಾಗಿದ್ದವು. ನೀರು ಸುಡುತ್ತವೆ ಎಂದು ಒಳಗಿನಿಂದ ಕೂಗಿದ. ಇಂದ್ರವ್ವ ಬಾಗಿಲ ಸಂದಿಯಿಂದ ಕೈ ಹಾಕಿ ಬಕೆಟ್ಟಿಗೆ ಒಂದು ಚರಿಗೆ ತಣ್ಣೀರು ಸುರಿದಳು. ಈಗ ಆರಿಹೋದವು ಎಂದ. ಒಂದು ಚರಿಗೆ ಬಿಸಿನೀರು ಸುರಿದಳು. ಮತ್ತೆ ಸುಡುತ್ತವೆ ಎಂದ. ಆಗ ಆಕೆ ಅದೇ ಬಕೆಟ್ಟಿನ ನೀರನ್ನೇ ಚರಿಗೆಗೆ ತುಂಬಿಕೊಂಡು, ಜೋರಾಗಿ ಸಪ್ಪಳ ಬರುವಂತೆ ಅದಕ್ಕೇ ಸುರಿದಳು.

“ಹಾಂ, ಈಗ ಬರೋಬ್ಬರಿ ಆದ್ವು ನೋಡು,” ಎಂದ ಚನಮಲ್ಲಪ್ಪ.

ಇಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಬಂದಳು. ಒಂದು ವರ್ಷದಿಂದ ದಿನಾ ಮಾಡುತ್ತಿದ್ದ ಮೋಸ ಅದು. ಒಂದು ದಿನವೂ ಸಿಕ್ಕಿಬಿದ್ದಿರಲಿಲ್ಲ. (ಸಾಲಿ ಕಲಿಯದಿದ್ದರೂ ಗಂಡನನ್ನು ದಿನಾ ಏಮಾರಿಸುವಷ್ಟು ಬುದ್ಧಿ ತನಗಿದೆ ಎಂದು ಆಕೆಗೆ ಒಳಗೊಳಗೇ ಹೆಮ್ಮೆ.) ಗಂಡನ ಮೈಯ ಉರಿಯಲ್ಲಿ ಅರ್ಧ ನಾಟಕ ಎಂದು ಆಕೆ ಎಂದೋ ತೀರ್ಮಾನ ಮಾಡಿಬಿಟ್ಟಿದ್ದಳು.

ಜಮಖಂಡಿ ಪೇಟೆಯಲ್ಲಿ ಚನಮಲ್ಲಪ್ಪನದು ಹಗ್ಗದ ಅಂಗಡಿ. ಹಗ್ಗ, ಕಣ್ಣಿ, ಮೂಗುದಾರ, ಬಾರಕೋಲು, ಎತ್ತಿನ ಕೊರಳ ಗೆಜ್ಜೆ. ಮಾತು ಮಾತ್ರ ಹಗ್ಗಕ್ಕಿಂತ ಉದ್ದ, ಅದೂ ಪುಕ್ಕಟೆ. ಆ ದಿನವೂ ಅಂಗಡಿಗೆ ಹೋದ. ತುಬಚಿಯ ರೈತನೊಬ್ಬ ಆಕಳಿಗೆ ಕಣ್ಣಿ ಕೊಳ್ಳಲು ಬಂದರೆ, ಅವನಿಗೆ ಅಂಗಿ ಎತ್ತಿ ಪಕ್ಕೆ ತೋರಿಸಿದ. ಮಧ್ಯಾಹ್ನ ಮನೆಗೆ ಬಂದು ರೊಟ್ಟಿ ದಪ್ಪ ಎಂದ, ಪಲ್ಯ ತೆಳ್ಳಗೆ ಎಂದ, ಫ್ಯಾನಿನ ಗಾಳಿ ತಾಕಿದರೂ ಪಕ್ಕೆ ಉರಿಯುತ್ತದೆ ಎಂದ. ಫ್ಯಾನು ಬಂದ್ ಮಾಡಿದರೆ ಸೆಕೆ ಎಂದ. ರಾತ್ರಿ ಊಟ ಮಾಡಿ ಮಲಗಿದ. ಬೆಳಿಗ್ಗೆ ಏಳಲಿಲ್ಲ.

ಹೃದಯ ನಿಂತಿತು ಎಂದರು ಮನೆಗೆ ಬಂದ ಡಾಕ್ಟರು. ಆ ಸಾವಿಗೂ ಮೈಮೇಲಿನ ಉರಿಗೂ ಸಂಬಂಧವಿಲ್ಲ ಎಂದೂ ಹೇಳಿದರು. ಸಂಬಂಧವಿದ್ದಿದ್ದರೆ ಅವನು ಮೊದಲೇ ಹೇಳಿರುತ್ತಿದ್ದ. ಹೇಳದೆ ಮಾಡಿದ ಕೆಲಸ ಅದೊಂದೇ.

ಲಿಂಗದ ಜೊತೆ ಮಣ್ಣಿಗೆ ಇಡುವ ಮುಂಚೆ ಇಂದ್ರವ್ವ ಒಂದು ಹಟ ಹಿಡಿದಳು. ಕೊರಳಲ್ಲಿದ್ದ, ಲಿಂಗ ಕಟ್ಟುವ ಶಿವದಾರ ತೆಗೆಸಿ, ಬನಹಟ್ಟಿಯ ಗೂಳಪ್ಪ ಕೊಟ್ಟಿದ್ದ ಮೆತ್ತನೆಯ ನೂಲಿನ ದಾರ ಹಾಕಿಸಿದಳು. ದಾರದ್ದೇನೂ ತಪ್ಪಿರಲಿಲ್ಲ ಎಂದು ಅಷ್ಟೊತ್ತಿಗೆ ಮನೆಗೆಲ್ಲ ಗೊತ್ತಿತ್ತು. ಗೊತ್ತಿದ್ದರೇನಾಯಿತು? ಅಷ್ಟು ದೂರದ ದಾರಿ. ಕೊರೆಯಬಾರದಲ್ಲ.

ಈ ದಾರದ ಪುರಾಣ ಗೊತ್ತಿಲ್ಲದವರಿಗೆ ಹೇಳಬೇಕು.

ಸಾಯುವ ಹಿಂದಿನ ವರ್ಷ, ಬೇಸಿಗೆಯಲ್ಲಿ, ಚನಮಲ್ಲಪ್ಪನಿಗೆ ಬಲ ಪಕ್ಕೆ ಉರಿಯತೊಡಗಿತು. ಬೆನ್ನಿನಿಂದ ಹಿಡಿದು ಎದೆಯ ಕೆಳಗಿನವರೆಗೆ ಒಂದು ಪಟ್ಟಿ. ಕಣ್ಣಿಗೆ ಏನೂ ಕಾಣದು. ಎಡ ಹೆಗಲಿನಿಂದ ಇಳಿದ ಶಿವದಾರ ಹಾದುಹೋಗುವುದು ಸರಿಯಾಗಿ ಅಲ್ಲಿಯೇ. ಇಂದ್ರವ್ವ ಹಿಂದಿನ ವಾರವಷ್ಟೇ ಹಳೆಯ ದಾರ ತೆಗೆದು ತನ್ನ ಕೈಯಾರೆ ಹೊಸೆದ ಹೊಸದನ್ನು ಹಾಕಿದ್ದಳು. ಅಪರಾಧಿ ಸಿಕ್ಕಂತಾಯಿತು. ಹೊಸ ಹಗ್ಗ ಎತ್ತಿನ ಕೊರಳು ಕೊರೆಯುವುದನ್ನು ಮೂವತ್ತು ವರ್ಷದಿಂದ ಕಂಡ ಮನುಷ್ಯ ಅವನು. ಎತ್ತಿಗೆ ಮಾಡುವ ಉಪಚಾರವನ್ನೇ ತನಗೂ ಮಾಡಿಕೊಂಡ. ಶಿವದಾರವನ್ನು ರಾತ್ರಿಯೆಲ್ಲ ಹರಳೆಣ್ಣೆಯಲ್ಲಿ ನೆನೆ ಹಾಕಿ, ಬೆಳಿಗ್ಗೆ ಹಿಂಡಿ ಕೊರಳಿಗೆ ಹಾಕಿಕೊಂಡ. ಉರಿ ಹೋಗಲಿಲ್ಲ. ಮನೆ ಮಾತ್ರ ಕೀಲೆಣ್ಣೆ ಹಾಕಿದ ಬಂಡಿಯ ಗಾಲಿ ಬಂದು ನಿಂತಂತೆ ನಾರತೊಡಗಿತು.

ಆಮೇಲೆ ಬನಹಟ್ಟಿಯ ಗೂಳಪ್ಪನಿಗೆ ಫೋನು ಹೋಯಿತು. ಮಗ್ಗದ ಮನೆಯವನು, ಹಳೆಯ ಗೆಳೆಯ. ತನ್ನಲ್ಲಿದ್ದ ಎಲ್ಲಕ್ಕಿಂತ ನುಣುಪಿನ ನೂಲು ತಗೊಂಡು ಬಸ್ ಹತ್ತಿ ಬಂದ. ಆ ದಾರ ಹಾಕಿಕೊಂಡರೂ ಚನಮಲ್ಲಪ್ಪ ಕೊರೆಯುತ್ತದೆ ಎಂದಾಗ ಗೂಳಪ್ಪ ರೇಗಿದ.

“ನಿನಗ ದಾರ ಅಲ್ಲೋ ಮಾರಾಯ, ತೊಟ್ಲಾ ಬೇಕು. ಅದನ್ನೂ ನೇದು ಕೊಡ್ಲೇನು?” ಎಂದ.

ಎರಡು ದಿನಕ್ಕೆ ಆ ಪಟ್ಟಿಯ ಗುಂಟ ಗುಳ್ಳೆ ಎದ್ದವು. ಕೆಂಪು ಚರ್ಮದ ಮೇಲೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆ, ಗೊಂಚಲು ಗೊಂಚಲಾಗಿ. ಪಕ್ಕದ ಮನೆಯ ಲಕ್ಷ್ಮವ್ವ ಬಂದು ನೋಡಿ, ಎದೆಗೆ ಕೈ ಇಟ್ಟುಕೊಂಡಳು. ಇದು ಸರ್ಪಸುತ್ತು ಎಂದಳು. ಹೆಸರು ಸರಿಯಾಗಿಯೇ ಹೇಳಿದಳು. ಮುಂದೆ ಹೇಳಿದ್ದೆಲ್ಲ ಸುಳ್ಳು. ಹಾವು ಮೈ ಸುತ್ತಿಕೊಂಡು ಬರುತ್ತದೆ, ತಲೆಯೂ ಬಾಲವೂ ಕೂಡಿದ ದಿನ ಮನುಷ್ಯ ಉಳಿಯುವುದಿಲ್ಲ, ಕೂಡುವ ಮೊದಲು ಕೆಮ್ಮಣ್ಣು ಬಳಿಯಬೇಕು ಎಂದಳು. ಇಂದ್ರವ್ವ ಕೆಮ್ಮಣ್ಣು ಹುಡುಕಲು ಎದ್ದಳು. ಚನಮಲ್ಲಪ್ಪ ಮಾತ್ರ ಹೆದರಲಿಲ್ಲ. ಹಗ್ಗದ ಸುರುಳಿ ತರಿಸಿ ತನ್ನ ಹೊಟ್ಟೆಯ ಸುತ್ತಳತೆ ಹಿಡಿಸಿದ. (ಆ ಅಳತೆ ಇಲ್ಲಿ ಬೇಡ. ಸತ್ತವರ ಮರ್ಯಾದೆ.)

“ನನ್ನ ಸುತ್ತಾಕ ಒಂದ ಹಾವಿನ ಕೈಲಿ ಆಗೂದಿಲ್ಲ, ಲಕ್ಷ್ಮವ್ವ. ಎರಡು ಹಾವು ಕೂಡಿಸಿ ಗಂಟು ಹಾಕಬೇಕಾಗತೈತಿ,” ಎಂದ.

ಹಾಗೆಂದು ನಕ್ಕರೂ ಹೆಂಗಸರ ಕೈಗೆ ಮೈ ಕೊಟ್ಟ. ವಾರವೆಲ್ಲ ಕೆಮ್ಮಣ್ಣು ಬಳಿದರು. ಗುಳ್ಳೆ ಒಡೆದು, ಮಣ್ಣು ಮೆತ್ತಿ, ಕೀವು ತುಂಬಿದ ಮೇಲೆ ಮಗ ಕಲ್ಮೇಶ ರೇಗಾಡಿ ಅಪ್ಪನನ್ನು ಬೈಕಿನ ಮೇಲೆ ಕೂರಿಸಿಕೊಂಡು ದವಾಖಾನೆಗೆ ಒಯ್ದ. ಇಂದ್ರವ್ವ ಹಿಂದಿನಿಂದ ಆಟೋದಲ್ಲಿ ಹೋದಳು.

ಡಾಕ್ಟರಬಾಯಿ ಚಿಕ್ಕ ವಯಸ್ಸಿನವಳು. ಮೊದಲು ಮಣ್ಣು ತೊಳೆಸಿದಳು. ರೋಗ ನೋಡುವುದಕ್ಕಿಂತ ಮಣ್ಣು ತೊಳೆಯುವುದಕ್ಕೇ ಹೊತ್ತು ಹಿಡಿಯಿತು. ಇದು ಹಾವೂ ಅಲ್ಲ, ದಾರವೂ ಅಲ್ಲ ಎಂದಳು. ಸಣ್ಣವರಿದ್ದಾಗ ಅಮ್ಮ, ಅಂದರೆ ಸೀತಾಳೆ ಸಿಡುಬು, ಬಂದಿದ್ದಳೇನು ಎಂದು ಕೇಳಿದಳು. ಬಂದಿದ್ದಳು. ಆ ರೋಗದ ಹುಳ ಪೂರ್ತಿ ಹೋಗುವುದಿಲ್ಲವಂತೆ. ಬೆನ್ನುಹುರಿಯ ಹತ್ತಿರ ಯಾವುದೋ ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾಗಿ ಶಕ್ತಿ ತಗ್ಗಿದಾಗ ಎದ್ದು, ಅದೇ ನರದ ದಾರಿ ಹಿಡಿದು ಹೊರಗೆ ಬರುತ್ತದೆ. ನರ ಇರುವುದು ಒಂದೇ ಮಗ್ಗುಲಿಗೆ, ಹಾಗಾಗಿ ಗುಳ್ಳೆಯೂ ಒಂದೇ ಮಗ್ಗುಲಿಗೆ. ಮೈಯ ನಟ್ಟನಡುವೆ ಬಂದು ನಿಂತುಬಿಡುತ್ತದೆ. ತಲೆ ಬಾಲ ಕೂಡುವ ಮಾತೇ ಇಲ್ಲ. ಉರಿ ಮೊದಲು, ಗುಳ್ಳೆ ಆಮೇಲೆ. ಗುಳ್ಳೆ ಎದ್ದ ಮೂರು ದಿನದೊಳಗೆ ಗುಳಿಗೆ ಶುರುಮಾಡಿದರೆ ಛಲೋ. ಇಷ್ಟು ತಡವಾದ ಮೇಲೆ ಹುಣ್ಣು ಮಾಯುತ್ತದೆ, ಉರಿ ಮಾತ್ರ ಎಷ್ಟು ತಿಂಗಳು ಉಳಿದೀತೋ ಹೇಳಲಾಗದು ಎಂದಳು.

ಉಳಿಯಿತು. ಸಾಯುವತನಕ ಉಳಿಯಿತು.

ಅಂದಿನಿಂದ ಚನಮಲ್ಲಪ್ಪ ಉರಿಯ ಪ್ರವಚನಕಾರನಾದ. ಮೂಗುದಾರ ಕೇಳಲು ಬಂದವರಿಗೂ ಮೂರು ದಿನದ ಮಾತು ಹೇಳಿಯೇ ಕಳಿಸುತ್ತಿದ್ದ. ಹಿಪ್ಪರಗಿಯವರು, ಅನಗವಾಡಿಯವರು, ಬಿಳಗಿ ಕಡೆಯವರು, ಯಾರನ್ನೂ ಬಿಡಲಿಲ್ಲ. ಅಂಗಡಿಗೆ ಹೆಣ್ಣುಮಕ್ಕಳು ಬಂದಾಗ ಅಂಗಿ ಎತ್ತಬೇಡ ಎಂದು ಕಲ್ಮೇಶ ಬೇಡಿಕೊಂಡ. ಆಗ ಅಂಗಿ ಎತ್ತದೆ ಬಾಯಿಂದಲೇ ಚಿತ್ರ ಬರೆದ. ಉರಿಗೆ ಅವನು ಕೊಟ್ಟಷ್ಟು ಉಪಮೆಗಳನ್ನು ಯಾವ ಕವಿಯೂ ಕೊಟ್ಟಿರಲಾರ. ಒಂದು ದಿನ ಒಣಮೆಣಸಿನಕಾಯಿ ಚರ್ಮದ ಒಳಮಗ್ಗುಲಿಗೆ ತಿಕ್ಕಿದಂತೆ. ಇನ್ನೊಂದು ದಿನ ಗಾಣದ ಕುದಿಯುವ ಬೆಲ್ಲ ಸಿಡಿದಂತೆ. ಇಂದ್ರವ್ವನಿಗೆ ಎಲ್ಲವೂ ಬಾಯಿಪಾಠವಾಗಿದ್ದವು. ಅವನು ಅರ್ಧ ಹೇಳಿದರೆ ಉಳಿದರ್ಧ ಆಕೆ ರೊಟ್ಟಿ ತಟ್ಟುತ್ತಲೇ ಪೂರ್ತಿ ಮಾಡುತ್ತಿದ್ದಳು. ಆದರೆ ಒಂದು ಮಾತು ಮಾತ್ರ ಆಕೆ ಎಂದೂ ನಂಬಲಿಲ್ಲ.

“ಲೇ ಇಂದ್ರಾ, ಮೆಲ್ಲಕ ತಾಕಿದ್ರ ಉರೀತೈತಿ, ಗಟ್ಟಿ ಒತ್ತಿ ಹಿಡದ್ರ ಸುಮ್ಮ ಆಗತೈತಿ. ಎಂಥಾ ತಲಿತಿರುಕ ರೋಗ ನೋಡು ಇದು,” ಎನ್ನುತ್ತಿದ್ದ.

“ತಲಿತಿರುಕ ರೋಗ ಅಲ್ರಿ,” ಎಂದು, ತಲಿತಿರುಕ ಯಾರು ಎನ್ನುವುದನ್ನು ಹೇಳದೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಬನಿಯನ್ನು ತಾಕಿದರೆ ಬೆಂಕಿ, ಅಂಗೈ ಒತ್ತಿದರೆ ಆರಾಮ. ಇಂಥ ನೋವು ಜಗತ್ತಿನಲ್ಲಿ ಇರುತ್ತದೆಯೇ? ನಾಟಕ ಎನ್ನುವುದಕ್ಕೆ ಆಕೆಗೆ ಸಿಕ್ಕ ದೊಡ್ಡ ಸಾಕ್ಷಿಯೇ ಅದು. ಬಕೆಟ್ಟಿನ ಮೋಸ ಶುರುವಾದದ್ದೂ ಅದರ ಮೇಲೆಯೇ.

ಅವನು ಹೋದ ಮೇಲೆ ಮನೆ ಸುಮ್ಮನಾಯಿತು. ರೊಟ್ಟಿ ದಪ್ಪವಾದರೂ ಯಾರೂ ಏನೂ ಅನ್ನಲಿಲ್ಲ. ಇಂದ್ರವ್ವ ಒಂದೆರಡು ಸಲ ಬೇಕಂತಲೇ ದಪ್ಪ ಮಾಡಿ ನೋಡಿದಳು. ಕಲ್ಮೇಶ ತಿಂದು ಎದ್ದು ಅಂಗಡಿಗೆ ಹೋದ. ಸೊಸೆ ವೈಶಾಲಿ ತಾಟು ಎತ್ತಿದಳು. ಆಮೇಲೆ ಇಂದ್ರವ್ವ ತೆಳ್ಳಗೇ ತಟ್ಟಿದಳು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಇಂದ್ರವ್ವನಿಗೆ ಹಣೆಯ ಎಡಭಾಗ ಉರಿಯಿತು. ಹುಬ್ಬಿನಿಂದ ನೆತ್ತಿಯತನಕ. ಬಾಚಣಿಗೆ ಹಾಕಿದರೆ ಕೂದಲ ಬುಡ ನೋಯಿತು. ಕನ್ನಡಿಯಲ್ಲಿ ನೋಡಿದರೆ ಏನೂ ಇಲ್ಲ. ಕುಂಕುಮ ಹೋದ ಹಣೆ, ಅದರ ಮೇಲೆ ಮೂರು ಬೆರಳಿನ ವಿಭೂತಿ. ಬಂದ ಬೀಗರು ಇದು ಚಿಂತೆ ತಲೆಗೆ ಏರಿದ್ದು ಎಂದರು. ಗಂಡನನ್ನು ನೆನೆನೆನೆದು ಹೀಗಾಗಿದೆ, ಅತ್ತುಬಿಡಲಿ ಎಂದರು. ಇಂದ್ರವ್ವ ಅಳಲಿಲ್ಲ. ಅಪರಾಧಿಯನ್ನು ಆಕೆ ಆಗಲೇ ಹಿಡಿದಿದ್ದಳು.

ಅಪರಾಧಿ ವಿಭೂತಿ. ಹೊಸ ಗಟ್ಟಿ. ಪೇಟೆಯ ರಾಮಲಿಂಗಪ್ಪನ ಅಂಗಡಿಯಿಂದ ಹಿಂದಿನ ವಾರವಷ್ಟೇ ತಂದದ್ದು. (ದಾರದ ಪುರಾಣ ನಿಮಗೆ ನೆನಪಿದೆ. ಆಕೆಗಿರಲಿಲ್ಲ.) ಅದರಲ್ಲಿ ಸುಣ್ಣ ಕೂಡಿಸಿದ್ದಾರೆ ಎಂದು ಅಂಗಡಿಗೇ ಹೋಗಿ ಜಗಳ ತೆಗೆದಳು. ರಾಮಲಿಂಗಪ್ಪ ಪಾಪದವನು. ಅದೇ ಗಟ್ಟಿಯನ್ನು ತೇದು ತನ್ನ ಹಣೆಗೆ, ತೋಳಿಗೆ, ಎದೆಗೆ, ಬೋಳು ತಲೆಗೆ ಬಳಿದುಕೊಂಡು ಸಂಜೆಯತನಕ ಗಲ್ಲೆಯ ಮೇಲೆ ಕೂತು ತೋರಿಸಿದ. ಅವನಿಗೆ ಏನೂ ಆಗಲಿಲ್ಲ. ನಿನ್ನ ಚರ್ಮ ಎಮ್ಮೆಯದು ಎಂದು ಹೇಳಿ ಇಂದ್ರವ್ವ ಬೇರೆ ಗಟ್ಟಿ ತಂದಳು. ಅದೂ ಉರಿಯಿತು. ವೈಶಾಲಿ ದವಾಖಾನೆಗೆ ಹೋಗೋಣ ಎಂದರೆ, ಈಬತ್ತಿ ಬದಲಿಸುವುದಕ್ಕೆಲ್ಲ ಡಾಕ್ಟರು ಬೇಕೇನು ಎಂದಳು.

ಕೊನೆಗೆ ಆಕೆಗೊಂದು ಮಹಾ ಉಪಾಯ ಹೊಳೆಯಿತು. ಉರಿಯುವುದು ಎಡಗಡೆ ಮಾತ್ರ. ಸರಿ, ಎಡಗಡೆ ಹಚ್ಚುವುದು ಬೇಡ. ಮೂರು ಬೆರಳು ಬಲ ಹುಬ್ಬಿನ ಮೇಲಿಂದ ಹೊರಟು ಮೂಗಿನ ನೇರಕ್ಕೆ ಬಂದು ನಿಂತವು. ಅರ್ಧ ಹಣೆಯ ವಿಭೂತಿ. ಲಕ್ಷ್ಮವ್ವ ಕಂಡು, ಇದು ಯಾವ ಮಠದ ಪದ್ಧತಿ ಎಂದು ಕೇಳಿದಳು. ತಮ್ಮ ಮನೆತನದ್ದು ಎಂದಳು ಇಂದ್ರವ್ವ.

ಮರುದಿನ ಬೆಳಿಗ್ಗೆ ವೈಶಾಲಿ ಚಹಾ ತಂದವಳು ಅತ್ತೆಯ ಮುಖ ನೋಡಿ ನಿಂತುಬಿಟ್ಟಳು. ವಿಭೂತಿ ಬಿಟ್ಟ ಎಡ ಹಣೆಯ ತುಂಬ ಗುಳ್ಳೆ ಎದ್ದಿದ್ದವು. ಸಣ್ಣವು, ನೀರು ತುಂಬಿದವು, ಗೊಂಚಲು ಗೊಂಚಲು. ಮೂಗಿನ ನೇರಕ್ಕೆ ಬಂದು ಗೆರೆ ಕೊರೆದಂತೆ ನಿಂತಿದ್ದವು. ಬಲಕ್ಕೆ ವಿಭೂತಿ, ಎಡಕ್ಕೆ ಗುಳ್ಳೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡು ನಡುವೆ ಬದು ಹಾಕಿದಂತೆ ಇತ್ತು. ಇಷ್ಟರ ಮೇಲೂ ಇಂದ್ರವ್ವ ರಾಮಲಿಂಗಪ್ಪನಿಗೆ ಇನ್ನೊಂದು ಸುತ್ತು ಬೈಯಲು ಸೆರಗು ಸರಿಮಾಡಿಕೊಂಡು ಎದ್ದಳು.

ಸೆರಗಿನ ಅಂಚು ಹಣೆಗೆ ತಾಕಿತು. ತಾಕಿದ್ದು ಅಷ್ಟೇ, ಗಾಳಿ ತಾಕಿದಂತೆ. ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ತಡೆಯಲಾಗದೆ ಅಂಗೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಉರಿ ಸುಮ್ಮನಾಯಿತು.

ಇಂದ್ರವ್ವ ಕೈ ತೆಗೆದಳು. ಸೆರಗು ತಾಕಿಸಿದಳು. ಉರಿಯಿತು. ಒತ್ತಿದಳು. ಸುಮ್ಮನಾಯಿತು. ತಲಿತಿರುಕ ರೋಗ. ಒಂದು ವರ್ಷ ಕಿವಿಯಲ್ಲಿ ತುಂಬಿದ್ದೆಲ್ಲ ಒಮ್ಮೆಲೇ ಎದ್ದು ಬಂತು. ಉರಿ ಮೊದಲು, ಗುಳ್ಳೆ ಆಮೇಲೆ. ಒಂದೇ ಮಗ್ಗುಲು. ನಟ್ಟನಡುವೆ ನಿಲ್ಲುತ್ತದೆ. ಮೂರು ದಿನದೊಳಗೆ.

“ವೈಶಾಲಿ, ಕಲ್ಮೇಶಗ ಬೈಕ್ ತಗಿ ಅನ್ನು. ನಿಮ್ಮ ಮಾವ ಹೇಳಿದ್ದ ಬಂದೈತಿ,” ಎಂದಳು.

ಲಕ್ಷ್ಮವ್ವ ಆಗಲೇ ಕೆಮ್ಮಣ್ಣು ಕಲಸಿಕೊಂಡು ಹೊಸ್ತಿಲಿಗೆ ಬಂದಿದ್ದಳು. ಅದನ್ನು ನಿಮ್ಮ ತುಳಸಿಕಟ್ಟೆಗೆ ಬಳಿ ಎಂದು ಹೇಳಿ ಇಂದ್ರವ್ವ ಬೈಕ್ ಹತ್ತಿದಳು.

ಅದೇ ಡಾಕ್ಟರಬಾಯಿ. ಈ ಸಲ ತೊಳೆಯಲು ಮಣ್ಣಿರಲಿಲ್ಲ, ಅರ್ಧ ವಿಭೂತಿ ಮಾತ್ರ ಇತ್ತು. ಹಣೆ ನೋಡುವುದು ಬಿಟ್ಟು ಮೂಗನ್ನೇ ನೋಡಿದಳು. ಮೂಗಿನ ತುದಿಯ ಎಡಕ್ಕೆ ಒಂದು ಗುಳ್ಳೆ ಎದ್ದಿತ್ತು. ಇಂದ್ರವ್ವ ಅದನ್ನು ಸೊಳ್ಳೆ ಕಡಿದದ್ದು ಎಂದುಕೊಂಡಿದ್ದಳು. ಡಾಕ್ಟರಬಾಯಿಯ ಮುಖ ಬದಲಾಯಿತು. ಹಣೆಗೆ ಬರುವ ನರದ ಒಂದು ಎಳೆ ಮೂಗಿನ ತುದಿಗೂ ಕಣ್ಣಿಗೂ ಹೋಗುತ್ತದೆ, ಮೂಗಿಗೆ ಬಂದಿದೆ ಎಂದರೆ ಕಣ್ಣಿಗೂ ಇಳಿಯಬಹುದು ಎಂದಳು. ಅಲ್ಲೇ ಮೊದಲ ಗುಳಿಗೆ ನುಂಗಿಸಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಲು ಚೀಟಿ ಬರೆದಳು.

ಕಣ್ಣು ಎಂದ ಕೂಡಲೇ ಇಂದ್ರವ್ವ ಮಂಚ ಗಟ್ಟಿಯಾಗಿ ಹಿಡಿದಳು. ಓದು ಬಾರದ ಆಕೆಗೆ ಕಣ್ಣು ಬೇಕಿದ್ದದ್ದು ಮೂರಕ್ಕೆ. ಜೋಳದಲ್ಲಿ ಹರಳು ಆರಿಸಲು, ಸೂಜಿಗೆ ದಾರ ಪೋಣಿಸಲು, ಗೋಡೆಯ ಮೇಲಿನ ಗಂಡನ ಫೋಟೋ ನೋಡಲು. ಮೂರೂ ಬಿಡುವಂಥವಲ್ಲ.

ಗುಳ್ಳೆ ಎದ್ದ ದಿನವೇ ಯಾರೂ ಬರುವುದಿಲ್ಲ, ನಿಮ್ಮನ್ನು ಯಾರು ಕಳಿಸಿದರು ಎಂದು ಡಾಕ್ಟರಬಾಯಿ ಕೇಳಿದಳು.

“ನಮ್ಮ ಮನಿಯವರು, ಬಾಯಾರ. ಹಗ್ಗದ ಅಂಗಡಿಯವರು. ಬ್ಯಾಸಿಗ್ಯಾಗ ತೀರಿಕೊಂಡ್ರು,” ಎಂದಳು ಇಂದ್ರವ್ವ.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟಳು. ಅವರು ಹೋದದ್ದು ಆಕೆಗೆ ತಿಳಿದಿರಲಿಲ್ಲ. ಆ ವರ್ಷ ಹಳ್ಳಿಗಳಿಂದ ಎಷ್ಟೋ ಜನ ಇದೇ ರೋಗ ಹಿಡಿದು ಹೊತ್ತಿಗೆ ಸರಿಯಾಗಿ ಬಂದರಂತೆ. ಯಾರು ಕಳಿಸಿದರು ಎಂದು ಕೇಳಿದರೆ, ಹಗ್ಗ ತರಲು ಹೋಗಿದ್ದೆವು, ಅಲ್ಲೊಬ್ಬರು ಅಂಗಿ ಎತ್ತಿ ತೋರಿಸಿದರು ಎನ್ನುತ್ತಿದ್ದರಂತೆ.

“ನಾವು ಗ್ವಾಡಿಗೆ ಚಿತ್ರಾ ಹಚ್ಚಿ ಹೇಳಿದ್ದು ಯಾರಿಗೂ ತಿಳೀಲಿಲ್ರಿ. ಅವರು ಹೇಳಿದ್ದು ತಿಳೀತು,” ಎಂದಳು ಡಾಕ್ಟರಬಾಯಿ.

ಆ ಅಂಗಿ ಎತ್ತುವುದಕ್ಕಾಗಿಯೇ ಇಂದ್ರವ್ವ ವರ್ಷವಿಡೀ ನಾಚಿಕೆಯಿಂದ ಪೇಟೆಯ ಆ ಕಡೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು ನೋಡಿದರು. ಹೊರಗಿನ ಅಂಚಿಗೆ ಬಂದು ನಿಂತಿದೆ, ಒಳಗೆ ಇಳಿದಿಲ್ಲ, ಕಣ್ಣು ಉಳಿಯಿತು ಎಂದರು. ಹೊತ್ತು ಹೊತ್ತಿಗೆ ದೊಡ್ಡ ದೊಡ್ಡ ಗುಳಿಗೆ. ಗುಳ್ಳೆ ಒಡೆಯಬಾರದು, ಏನೂ ಬಳಿಯಬಾರದು. ಹಕ್ಕಳೆ ಕಟ್ಟುವತನಕ ಬಸುರಿಯರ ಹತ್ತಿರ, ಹಸುಗೂಸುಗಳ ಹತ್ತಿರ ಹೋಗುವಂತಿಲ್ಲ. ಅಮ್ಮ ಬರದವರಿಗೆ ಇದರಿಂದ ಅಮ್ಮ ಬರಬಹುದು. ಲಕ್ಷ್ಮವ್ವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಇಂದ್ರವ್ವ ಹೋಗಲಿಲ್ಲ. ಕೆಮ್ಮಣ್ಣಿನ ಸಿಟ್ಟು ಎಂದುಕೊಂಡು ಲಕ್ಷ್ಮವ್ವ ಸಿಹಿ ಸಜ್ಜಕವನ್ನೂ ಕಳಿಸಲಿಲ್ಲ.

ಹಕ್ಕಳೆ ಕಟ್ಟಿದ ಮೇಲೆ ತಲೆಗೆ ನೀರು ಹಾಕಿಕೊಳ್ಳಬಹುದು ಎಂದರು. ವೈಶಾಲಿ ಬಕೆಟ್ಟಿಗೆ ನೀರು ಬೆರೆಸಿ ಇಟ್ಟಳು. ಇಂದ್ರವ್ವನೇ ಕಲಿಸಿದ ಹದ. ಒಂದು ಚರಿಗೆ ಹಣೆಯ ಮೇಲಿಂದ ಇಳಿಯಿತೋ ಇಲ್ಲವೋ, ಆಕೆ ಕೂಗಿಕೊಂಡಳು. ವೈಶಾಲಿ ಬಾಗಿಲ ಸಂದಿಯಿಂದ ತಣ್ಣೀರು ಸುರಿದಳು. ಈಗ ಆರಿಹೋದವು ಎಂದಳು ಇಂದ್ರವ್ವ. ಚಳಿಗೆ ಹಣೆ ಚುಚ್ಚತೊಡಗಿತ್ತು. ಬಿಸಿನೀರು ಬಂತು. ಮತ್ತೆ ಸುಟ್ಟವು.

“ಅತ್ತಿ, ನಿಮ್ಮ ಮೈ ಭಾಳ ನಾಜೂಕ ಆಗೇತಿ ನೋಡ್ರಿ,” ಎಂದಳು ವೈಶಾಲಿ ಹೊರಗಿನಿಂದ.

ಅದು ಇಂದ್ರವ್ವನದೇ ಮಾತು. ಇದೇ ಬಾಗಿಲಿಗೆ ನಿಂತು ಆಕೆ ದಿನಾ ಆಡುತ್ತಿದ್ದದ್ದು. ಸೊಸೆ ಅಡುಗೆಯ ಜೊತೆಗೆ ಇದನ್ನೂ ಕಲಿತಿದ್ದಳು. ಆಮೇಲೆ ಬಾಗಿಲ ಸಂದಿಯಿಂದ ಚರಿಗೆ ಹಿಡಿದ ಒಂದು ಕೈ ಬಂತು. ಇಂದ್ರವ್ವನ ಕಣ್ಣೆದುರಿಗೇ ಅದೇ ಬಕೆಟ್ಟಿನಿಂದ ನೀರು ತುಂಬಿಕೊಂಡಿತು, ಅದಕ್ಕೇ ಸುರಿಯಿತು. ಜೋರಾಗಿ ಸಪ್ಪಳ ಬಂತು.

ಇಂದ್ರವ್ವ ಆ ಕೈಯನ್ನು ನೋಡಿದಳು. ಬಳೆ ತೊಟ್ಟ ಕೈ, ಕಳ್ಳತನದಿಂದ ಬಂದದ್ದು, ಪೂರ್ತಿಯಾಗಿ ಕಾಣುತ್ತಿತ್ತು. ಒಳಗೆ ಕೂತವರಿಗೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಕುರುಡನಿಗೂ ಗೊತ್ತಾಗುವಂಥ ಮೋಸ. ಚನಮಲ್ಲಪ್ಪ ಕುರುಡನಾಗಿರಲಿಲ್ಲ.

ಹಾಗಾದರೆ ಅವನು ದಿನಾ ನೋಡಿದ್ದ. ದಿನಾ ನೋಡಿ, ಹೆಂಡತಿಗೆ ಸಾಕಾಗಿದೆ ಎಂದು ತಿಳಿದು, ಸುಡುವ ನೀರನ್ನೇ ಮೈಮೇಲೆ ಹಾಕಿಕೊಂಡಿದ್ದ. ಬಾಯಿ ಮುಚ್ಚದ ಮನುಷ್ಯ ಇದೊಂದನ್ನು ಮಾತ್ರ ಯಾರಿಗೂ, ಹಗ್ಗ ಕೊಳ್ಳಲು ಬಂದವರಿಗೂ ಹೇಳಿರಲಿಲ್ಲ. ಇಷ್ಟು ದಿನ ಏಮಾರಿದವರು ಯಾರು ಎನ್ನುವುದು ಇಂದ್ರವ್ವನಿಗೆ ಬಚ್ಚಲ ಕಲ್ಲಿನ ಮೇಲೆ ಕೂತಾಗ ತಿಳಿಯಿತು.

ಹೊರಗೆ ವೈಶಾಲಿ ಕಾಯುತ್ತಿದ್ದಳು.

“ಹಾಂ, ಈಗ ಬರೋಬ್ಬರಿ ಆದ್ವು ನೋಡವಾ,” ಎಂದಳು ಇಂದ್ರವ್ವ.

ಈಗ ಹಣೆ ವಾಸಿಯಾಗಿದೆ. ಹುಬ್ಬಿನ ಮೇಲೆ ಬಿಳಿಯ ಕಲೆಗಳು ಉಳಿದಿವೆ, ವಿಭೂತಿ ಅವನ್ನು ಮುಚ್ಚುತ್ತದೆ. ಮೂರು ಬೆರಳೂ ಈ ಕಿವಿಯಿಂದ ಆ ಕಿವಿಯತನಕ ಹೋಗುತ್ತವೆ. ಗಟ್ಟಿ ರಾಮಲಿಂಗಪ್ಪನ ಅಂಗಡಿಯದೇ.

ಬೆಳಿಗ್ಗೆ ಎದ್ದು ಆಕೆ ಮೊದಲಿನಂತೆ ಹಂಡೆಗೆ ಉರಿ ಹಾಕುತ್ತಾಳೆ. ಬಕೆಟ್ಟಿಗೆ ಬಿಸಿನೀರು ತೋಡಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡುತ್ತಾಳೆ. ಸರಿಯಾಗಿದೆ ಅನ್ನಿಸಿದ ಮೇಲೆ, ಗಂಡನಿಗೆ ಅಂದು ಹಾಕದೆ ಬಿಟ್ಟಿದ್ದ ಇನ್ನೊಂದು ಚರಿಗೆ ತಣ್ಣೀರನ್ನು ನಲ್ಲಿಯಿಂದ ತುಂಬಿ ತಂದು ಅದಕ್ಕೆ ಸುರಿಯುತ್ತಾಳೆ. ಅಂಗಡಿ ತೆರೆಯುವ ಅವಸರದಲ್ಲಿ ಕಲ್ಮೇಶ ಒಳಗೆ ಹೋಗುತ್ತಾನೆ. ನೀರು ಆರಿಹೋಗಿವೆ, ಚಳಿ ಹತ್ತುತ್ತದೆ ಎಂದು ದಿನಾ ಕೂಗುತ್ತಾನೆ. ಇಂದ್ರವ್ವ ಚರಿಗೆಯನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ರೊಟ್ಟಿ ತಟ್ಟಲು ಹೋಗುತ್ತಾಳೆ.